ಮುಳುಗಡೆ ಊರಿನ ಸಬ್‌ಮರೀನು

ಮುಳುಗುವ ವಿದ್ಯೆಯನ್ನು ಬಾಗಲಕೋಟೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂತು, ಹಳೇ ಊರಿನ ಓಣಿಗೆ ಓಣಿಯೇ ಒಳಗೆ ಹೋಯಿತು, ನಾವು ಗಂಟುಮೂಟೆ ಕಟ್ಟಿಕೊಂಡು ನವನಗರದ ಸೆಕ್ಟರುಗಳಲ್ಲಿ ನಂಬರಾದೆವು. ರಿಮೋಟೂ ಇಲ್ಲದೆ ಬ್ಯಾಟರಿಯೂ ಇಲ್ಲದೆ ಊರು ಮುಳುಗಿದ್ದನ್ನು ಕಂಡವರ ಮುಂದೆ ನನ್ನ ಅಳಿಯ ಮೂರಡಿಯ ಪ್ಲಾಸ್ಟಿಕ್ ಸಬ್‌ಮರೀನ್ ಹಿಡಿದು ನಿಂತು, “ಮಾಮಾ, ಇದು ನೀರಾಗ ಮುಳುಗತೈತಿ ನೋಡು” ಅಂದರೆ ಬೆರಗಾಗುವವರು ಯಾರು? “ಪರಿಹಾರಕ್ಕ ಅರ್ಜಿ ಕೊಟ್ಟಿಯೇನೋ?” ಅಂದೆ. ಮುಖ ಊದಿಸಿಕೊಂಡ.

ವಿದ್ಯಾಗಿರಿಯಲ್ಲಿ ಮೆಕ್ಯಾನಿಕಲ್ ಓದಿದ ಹುಡುಗ. ನೌಕರಿ ಬೆಂಗಳೂರಲ್ಲಿ, ರಜೆ ನಮ್ಮ ಮನೆ ಕಟ್ಟೆಯ ಮೇಲೆ. ವಿಶಾಖಪಟ್ಟಣದ ದಂಡೆಯಲ್ಲಿ 2002ರಿಂದ ಮ್ಯೂಸಿಯಮ್ಮಾಗಿ ಕುಂತಿರುವ ಐಎನ್‌ಎಸ್ ಕುರ್ಸುರಾ ಸಬ್‌ಮರೀನಿನೊಳಗೆ ತಲೆ ಬಗ್ಗಿಸಿ ಓಡಾಡಿ ಬಂದಂದಿನಿಂದ ಇವನಿಗೆ ಈ ಹುಚ್ಚು.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಈ ಮಾದರಿಯ ಹೊರಮೈ ಬರೀ ಶೋಕಿಗೆ. ತಳದ ತೂತುಗಳಿಂದ ನೀರು ಒಳಗೆ ಬರುತ್ತದೆ, ಬರಲೇಬೇಕು. ಬರಬಾರದ್ದು ಒಳಗಿನ ಪಾರದರ್ಶಕ ಕೊಳವೆಯೊಂದಕ್ಕೆ ಮಾತ್ರ. ಬ್ಯಾಟರಿ, ಮೋಟಾರು, ರಿಸೀವರು, ಚುಕ್ಕಾಣಿ ಎಳೆಯುವ ಸರ್ವೋ ಎಲ್ಲ ಅದರ ಹೊಟ್ಟೆಯಲ್ಲಿ. ಎರಡೂ ತುದಿಗೆ ಮುಚ್ಚಳ, ಮುಚ್ಚಳಕ್ಕೆ ಓ-ರಿಂಗು, ಓ-ರಿಂಗಿಗೆ ಸಿಲಿಕೋನ್ ಗ್ರೀಸು.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: “ಒಳಗ ನೀರು ಹೊಕ್ಕರ?” ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವವನಂತೂ ನಕ್ಕೇಬಿಟ್ಟ. “ಅಲ್ರೀ, ನಾವ ಮೋಟಾರದಾಗ ನೀರ್ ತುಂಬಿ ಬಾವ್ಯಾಗ ಇಳಸ್ತೀವಿ. ಇವ್ರು ನೀರಿಗಂಜಿ ಕುಂತಾರ!” ಅವನು ಹೇಳಿದ್ದು ಸುಳ್ಳಲ್ಲ. ಸಬ್‌ಮರ್ಸಿಬಲ್ ಮೋಟಾರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಒಳಗಿನ ನೀರೇ ಅದನ್ನು ತಂಪಾಗಿಡುತ್ತದೆ, ಬೇರಿಂಗಿಗೆ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಅಳಿಯನ ರಿಸೀವರಿಗೆ ಅಂಥ ಗಟ್ಟಿ ಜೀವ ಇಲ್ಲ.

ಸೋರುವಿಕೆಗೆ ಮದ್ದು ಪಂಕ್ಚರ್ ಅಂಗಡಿಯಲ್ಲೇ ಇತ್ತು. ಕೊಳವೆಗೆ ಚೂರು ಗಾಳಿ ಊದಿ ನೀರಿನ ಬೋಗಾಣಿಯಲ್ಲಿ ಅದ್ದಿದರೆ, ಗುಳ್ಳೆ ಎದ್ದಲ್ಲಿ ತಪ್ಪಿದೆ ಎಂದರ್ಥ. ಇದಕ್ಕೆ ಇಂಜಿನಿಯರಿಂಗ್ ಬೇಕಿರಲಿಲ್ಲ. ಬೇಕಾದದ್ದು ನಮ್ಮ ಬಿಸಿಲಿಗೆ. 40 ಡಿಗ್ರಿಯ ಮಧ್ಯಾಹ್ನ ಮುಚ್ಚಳ ಹಾಕಿ 25 ಡಿಗ್ರಿಯ ನೀರಿಗೆ ಬಿಟ್ಟರೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಐದರಷ್ಟು ಇಳಿದು, ಇನ್ನೂ ಮುಳುಗದ ಕೊಳವೆ ಅರ್ಧ ಮೀಟರ್ ಆಳದಲ್ಲಿದ್ದಂತೆ ನೀರನ್ನು ಹೀರಲು ನೋಡುತ್ತದೆ. ಅದಕ್ಕೇ ಈಗ ಮುಚ್ಚಳ ಹಾಕುವ ಮುಹೂರ್ತ ಬೆಳಗ್ಗೆ ಆರಕ್ಕೆ, ಬೇವಿನ ಗಿಡದ ಕೆಳಗೆ.

ಆದರೆ ಎಲ್ಲರೂ ನೀರು ಒಳಗೆ ಬರುವ ಚಿಂತೆ ಮಾಡುತ್ತಿದ್ದರೆ, ಹುಡುಗನ ನಿದ್ದೆ ಕೆಡಿಸಿದ್ದು ಕೊಳವೆ ಮೇಲೆ ಬರುವ ಚಿಂತೆ. ಒಣಗಿದ ಡಬ್ಬಿಯನ್ನು ನೀರು ಸುಮ್ಮನೆ ಕೂರಗೊಡುವುದಿಲ್ಲ. 9 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಕೊಳವೆಯನ್ನು ನೀರು ಎರಡೂವರೆ ಕಿಲೋ ಬಲದಲ್ಲಿ ಮೇಲೆ ನೂಕುತ್ತದೆ. ಒಳಗಿನ ಸಾಮಾನೆಲ್ಲ ಸೇರಿ ಅದರ ತೂಕ 1.8 ಕಿಲೋ. ಉಳಿದ 700 ಗ್ರಾಂ ಬಲ, ಬುಟ್ಟಿ ಮುಚ್ಚಿಟ್ಟ ಕೋಳಿಯ ಹಾಗೆ, ಯಾವ ಹೊತ್ತೂ ಮೇಲಕ್ಕೆ ಕುಕ್ಕುತ್ತಲೇ ಇರುತ್ತದೆ. ಅದಕ್ಕೇ ಹೊರಮೈಯ ತಳದಲ್ಲಿ ಭಾರ ಇಟ್ಟು, ಕೊಳವೆಯನ್ನು ಅದರೊಳಗೆ ಕಟ್ಟಿಹಾಕಬೇಕು. ಕಟ್ಟು ಬಿಟ್ಟರೆ ಕೊಳವೆ ಮೇಲಿನ ಕವಚ ಹಾರಿಸಿಕೊಂಡು ತೇಲುತ್ತದೆ, ಭಾರ ಹೊತ್ತ ಹೊರಮೈ ತಳ ಕಾಣುತ್ತದೆ.

ಭಾರಕ್ಕೆ ನಾನೊಂದು ಉಪಾಯ ಕೊಟ್ಟೆ: “ಇಳಕಲ್ಲಿನ ಕೆಂಪು ಗ್ರಾನೈಟ್ ಚೂರು ಹಾಕೋ, ಪುಕ್ಕಟ ಸಿಗ್ತೈತಿ.” ಅವನು ಲೆಕ್ಕ ಹಾಕಿ ನನ್ನ ಅಭಿಮಾನ ಇಳಿಸಿದ. ಆ ಕಲ್ಲು ನೀರೊಳಗೆ ತನ್ನ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಸೀಸ ಕಳೆದುಕೊಳ್ಳುವುದು ಹನ್ನೊಂದರಲ್ಲಿ ಒಂದು ಪಾಲು. ಆ 700 ಗ್ರಾಂ ತಡೆಯಲು ಸೀಸವಾದರೆ ಮುಕ್ಕಾಲು ಕಿಲೋ ಚಿಲ್ಲರೆ, ಗ್ರಾನೈಟ್ ಆದರೆ 1.1 ಕಿಲೋ, ಜಾಗ ಆರು ಪಟ್ಟು. ಸೀಸವೇ ಗೆದ್ದಿತು.

ಇನ್ನು ಕಟ್ಟುವುದು. ಪಂಕ್ಚರ್ ಅಂಗಡಿಯವನು ಸೈಕಲ್ ಕ್ಯಾರಿಯರಿಗೆ ಬಿಗಿಯುವ ಟ್ಯೂಬಿನ ಪಟ್ಟಿ ಕೊಟ್ಟ, ಅದು ಹಿಗ್ಗುತ್ತದೆ. ಹಿಗ್ಗಿದರೆ ಕೊಳವೆ ಏಳುತ್ತದೆ, ಮುಂದೆ ಜಾರುತ್ತದೆ. ಬೆರಳಗಲ ಜಾರಿದರೂ ಹಡಗಿನ ಸಮತೂಕ ಕೆಡುತ್ತದೆ. ಸ್ವಲ್ಪ ತಿರುಗಿದರೆ ಚುಕ್ಕಾಣಿಯ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಹಿಗ್ಗದ ಪಟ್ಟಿ ಹುಡುಕುತ್ತ ಹುಡುಗನ ಕಣ್ಣು ಅವರವ್ವನ ಇಳಕಲ್ ಸೀರೆಯ ದಡಿಯ ಮೇಲೆ ಬಿತ್ತು. “ಕತ್ತರಿ ಹಚ್ಚಿ ನೋಡು! ಈ ಸೀರಿ ನಿಮ್ಮಪ್ಪ ತಂದದ್ದಲ್ಲ, ನನ್ನ ತವರವರು ಕೊಟ್ಟದ್ದು” ಅಂತ ನನ್ನ ತಂಗಿ ಗುಡುಗಿದಳು. ತವರವನಾದ ನಾನು ಮೀಸೆ ತಿರುವಿಕೊಂಡೆ. ಕಡೆಗೆ ಕೊಳವೆ ಕೂರಲು ಅರ್ಧಚಂದ್ರಾಕಾರದ ಎರಡು ಆಸರೆ, ಮೇಲೆ ನೈಲಾನಿನ ವೆಲ್ಕ್ರೋ ಪಟ್ಟಿ, ತಿರುಗದಂತೆ, ಜಾರದಂತೆ ತಳದಲ್ಲೊಂದು ಸಣ್ಣ ಹಿತ್ತಾಳೆ ಗೂಟ. ಗೂಟಕ್ಕೆ ಹತ್ತು ರೂಪಾಯಿಯೂ ಆಗಿರಲಿಕ್ಕಿಲ್ಲ. ಇಡೀ ಹಡಗಿನಲ್ಲಿ ನನಗೆ ಪೂರ್ತಿ ಅರ್ಥವಾದ ಸಾಮಾನು ಅದೊಂದೇ.

ನೀರಿನ ನಡುವೆ ಒಣ ಜಾಗ ಹಿಡಿದಿಡುವುದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಸುತ್ತ ನಿಂತಾಗಲೂ, ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಲಿಂಗಕ್ಕೆ ಕೈಮುಗಿದು ಒಣಗಾಲಲ್ಲೇ ಮೇಲೆ ಬರುತ್ತೇವೆ. “ಅಲ್ಲಿ ಎಲ್ಲೈತೋ ವೆಲ್ಕ್ರೋ?” ಅಂದೆ. “ಅಲ್ಲಿ ತೂಕ ಐತಿ ಮಾಮಾ” ಅಂದ. ಉತ್ತರ ಚೆನ್ನಾಗಿತ್ತು, ಒಪ್ಪಿಕೊಳ್ಳಲಿಲ್ಲ.

ಹಡಗನ್ನು ಬಾದಾಮಿಯ ಅಗಸ್ತ್ಯತೀರ್ಥದಲ್ಲಿ, ಭೂತನಾಥ ಗುಡಿಯ ಮುಂದೆ ಬಿಟ್ಟು ವಿಡಿಯೋ ಮಾಡಬೇಕೆಂಬುದು ಅವನ ಕನಸು. ಅಲ್ಲಿನ ಹಸಿರು ನೀರಿನಲ್ಲಿ ಹಡಗು ಕಾಣುವುದು ಹೇಗೆ ಎಂಬುದು ಆಮೇಲಿನ ಮಾತು. ಬಾದಾಮಿಯ ಮಂಗ್ಯಾಗಳು ಕೈಯಲ್ಲಿನ ಬಾಳೆಹಣ್ಣನ್ನೇ ಬಿಡುವುದಿಲ್ಲ, ರಿಮೋಟ್ ಬಿಡುತ್ತವೆಯೇ? ಮೊದಲೇ ಡ್ರೋನಿನ 2.4 ಗಿಗಾಹರ್ಟ್ಸ್ ರಿಮೋಟಿನ ಸಂಕೇತ ನೀರೊಳಗೆ ಇಳಿಯುವುದಿಲ್ಲವೆಂದು ಹಳೇ 27 ಮೆಗಾಹರ್ಟ್ಸಿನದನ್ನು ಹುಡುಕಿ ತಂದಿದ್ದಾನೆ. ಅದು ಮಂಗನ ಕೈಗೆ ಹೋದರೆ ಗುಡ್ಡದ ಮೇಲಿಂದ ನಡೆಯುವುದು ನೌಕಾದಳವೇ.

ಹಾಗಾಗಿ ಪರೀಕ್ಷೆ ಹುನಗುಂದದ ಬೀಗರ ಹೊಲದ ಕೃಷಿಹೊಂಡದಲ್ಲಿ ಆಯಿತು. ಪ್ಲಾಸ್ಟಿಕ್ ಹಾಸಿದ ಹೊಂಡ, ತಿಳಿನೀರು. ಎರಡು ಮೀಟರ್ ಕೆಳಗೆ ಮುಚ್ಚಳದ ಮೇಲೆ 12–13 ಕಿಲೋ ಭಾರ ಬೀಳುತ್ತದೆಂದು ಹುಡುಗ ವಿವರಿಸುತ್ತಿದ್ದಾಗಲೇ ಹಡಗು ಇಳಿಯಿತು, ತಿರುಗಿತು, ಎದ್ದಿತು. ಕೊಳವೆಯೊಳಗೆ ಇಟ್ಟಿದ್ದ ಟಿಶ್ಯೂ ಕಾಗದ ಒಣಗಿಯೇ ಇತ್ತು. ಬೀಗರು ಅಷ್ಟೂ ಹೊತ್ತು ಮಾತಾಡದೆ ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ನಮ್ಮ ಬೋರಿನ್ಯಾಗ ಮೋಟಾರ್ ಕಳಚಿ ಬಿದ್ದೈತ್ರಿ, 400 ಅಡಿ ಕೆಳಗ. ಇದನ್ನ ಬಿಟ್ಟು ತಗಿಯಾಕ ಬರ್ತೈತೇನ್ರಿ?”

ಅಷ್ಟು ಆಳ ನೀರು ತುಂಬಿದ್ದರೆ ಒಂದೊಂದು ಮುಚ್ಚಳದ ಮೇಲೂ 700 ಕಿಲೋಕ್ಕಿಂತ ಹೆಚ್ಚು ಬೀಳುತ್ತದೆಂದು ಅಳಿಯ ಬೆವರೊರೆಸಿಕೊಂಡು ಲೆಕ್ಕ ಒಪ್ಪಿಸಿದ.

“ಹಂಗಾದ್ರ ಗ್ರೀಸ್ ಒಂದೀಟು ಜಾಸ್ತಿ ಹಚ್ರಲ” ಅಂದರು ಬೀಗರು.