ಮೂಲೋತ್ತರ ವ್ಯಾಯಾಮ ಮೀಮಾಂಸೆ

ನದಿಮೂಲ, ಋಷಿಮೂಲ ಹುಡುಕಬಾರದೆಂದು ಹಿರಿಯರು ಹೇಳಿಟ್ಟಿದ್ದಾರೆ. ಮೂರನೆಯ ಮೂಲದ ವಿಷಯದಲ್ಲಿ ಅವರು ಮೌನ ತಾಳಿದ್ದೇಕೆ ಎಂಬ ಪ್ರಶ್ನೆಯನ್ನು ಯಾವ ಅಧ್ಯಯನ ಪೀಠವೂ ಎತ್ತಿಕೊಂಡಂತಿಲ್ಲ. ಪೀಠದಲ್ಲಿ ಕೂರಲಾಗದವರೇ ಬರೆಯಬೇಕಾದ ವಿಷಯವಿದು. ಆದ್ದರಿಂದ ಪ್ರಸ್ತುತ ಪ್ರಬಂಧವನ್ನು ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತೇ ರಚಿಸಲಾಗಿದೆ.

ಮೊದಲು ಪದವಿಚಾರ. ಮೂಲವ್ಯಾಧಿಗೆ ಕನ್ನಡದಲ್ಲಿ ಮೊಳೆರೋಗವೆಂಬ ಹೆಸರೂ ಉಂಟು. ಇಲ್ಲಿ ಮೊಳೆ ಎಂದರೆ ಮೊಳಕೆಯೋ, ಗೋಡೆಗೆ ಹೊಡೆಯುವ ಮೊಳೆಯೋ? ಮೊಳಕೆವಾದಿಗಳು ನೆನೆಹಾಕಿದ ಹುರುಳಿಯ ದೃಷ್ಟಾಂತ ಕೊಡುತ್ತಾರೆ. ಅವರಲ್ಲಿ ಯಾರೂ ರೋಗಿಗಳಲ್ಲ. ಆಯುರ್ವೇದದ ವಾಗ್ಭಟನಾದರೋ ಇದನ್ನು ಮಾಂಸದ ಕೀಲವೆಂದು ಕರೆದು, ಅರಿಯಂತೆ, ಅಂದರೆ ಶತ್ರುವಿನಂತೆ ಹಿಂಸಿಸುವುದರಿಂದ ಅರ್ಶವೆಂಬ ಹೆಸರು ಬಂತೆಂದು ವಿವರಿಸಿದ್ದಾನೆ. ಕೀಲವೆಂದರೆ ಗೋಡೆಯ ಮೊಳೆಯೇ. ಸಿಟಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಒಂದೇ ಒಂದು ಹಂಪ್ ದಾಟಿದ ರೋಗಿ ಈ ನಿರ್ಣಯವನ್ನು ಪ್ರಶ್ನಿಸಲಾರ.

ಇನ್ನು ಗ್ರಂಥಾಧಾರ. ಸುಶ್ರುತ ಇದನ್ನು ಎಂಟು ಮಹಾರೋಗಗಳ ಪಂಕ್ತಿಯಲ್ಲಿ ಕೂರಿಸಿ (ಕೂತದ್ದು ರೋಗ, ರೋಗಿಯಲ್ಲ), ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ಉಪಾಯ ಹೇಳಿದ. ಪ್ರಬಂಧಕಾರ ಮೊದಲನೆಯದರಲ್ಲಿ ಏಳು ವರ್ಷ ಕಳೆದು ನೇರ ನಾಲ್ಕನೆಯದಕ್ಕೆ ಜಿಗಿದವನು. ಮಾಡಿದ್ದು ಲಂಡನ್ನಿನ ಮಿಲ್ಲಿಗನ್ ಮತ್ತು ಮಾರ್ಗನ್ 1937ರಲ್ಲಿ ಪ್ರಕಟಿಸಿದ ಪದ್ಧತಿ: ಗಂಟನ್ನು ಕತ್ತರಿಸಿ ತೆಗೆದು, ಗಾಯಕ್ಕೆ ಹೊಲಿಗೆ ಹಾಕದೆ ತಾನಾಗಿ ಮಾಯಲು ಬಿಡುವುದು. ಮಾಯಲು ನಾಲ್ಕರಿಂದ ಆರು ವಾರ. ಅಷ್ಟು ದಿನ ವ್ಯಾಯಾಮಪ್ರಿಯನ ಗತಿಯೇನು ಎಂಬುದೇ ನಮ್ಮ ಸಮಸ್ಯೆ.

ಉತ್ತರ ಸುಶ್ರುತನ ಪಥ್ಯದಲ್ಲೇ ಅಡಗಿದೆ. ಬಂದ ವೇಗವನ್ನು ತಡೆಯಬೇಡ, ಪ್ರಾಣಿಗಳ ಬೆನ್ನೇರಿ ಸವಾರಿ ಮಾಡಬೇಡ, ಕುಕ್ಕರಗಾಲಲ್ಲಿ ಕೂರಬೇಡ ಎನ್ನುತ್ತಾನೆ. ಸವಾರಿಯ ಜಾಗದಲ್ಲಿ ಸೈಕಲ್ಲು, ಕುಕ್ಕರಗಾಲಿನ ಜಾಗದಲ್ಲಿ ಬಸ್ಕಿ ಎಂದು ಓದಿಕೊಂಡರೆ ಇಂದಿನ ಡಿಸ್ಚಾರ್ಜ್ ಚೀಟಿ ಸಿದ್ಧ. 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ ಇದೇ ಬಾಧೆಯಿಂದ ಕುದುರೆಯ ಮೇಲೆ ಕೂರಲಾಗದೆ ಸೋತನೆಂದು ಹೇಳುವ ಚರಿತ್ರಕಾರರಿದ್ದಾರೆ. ಸೋಲಿಗೆ ಬೇರೆ ಕಾರಣ ಹುಡುಕುವವರೂ ಇದ್ದಾರೆ. ಅವರೆಲ್ಲ ಆರಾಮಾಗಿ ಕೂತು ಬರೆದವರು.

ಈಗ ಪೂರ್ವಪಕ್ಷ. ಹದಿನಾರನೆಯ ದಿನ ಜಿಮ್ಮಿನ ಹುಡುಗ ಬೀದಿಯಲ್ಲಿ ಅಡ್ಡಗಟ್ಟಿ, “ಸಾರ್, ಅಪೆಂಡಿಕ್ಸ್ ತಾನೇ? ಹೊಟ್ಟೆ ಬಿಟ್ಟು ಕಾಲಿಂದು ಮಾಡೋಣ ಬನ್ನಿ. ಉಸಿರು ಬಿಗಿ ಹಿಡಿದು ಎತ್ತಿದ್ರೆ ಅರವತ್ತು ಕೆಜಿ ಏನೂ ಅಲ್ಲ” ಎಂದು ವಾದ ಹೂಡಿದ. ಅಪೆಂಡಿಕ್ಸ್ ಎಂಬ ಪಾಠಾಂತರ ಪ್ರಬಂಧಕಾರನದೇ ಪ್ರಕ್ಷೇಪ. ಪೈಲ್ಸ್ ಆಪರೇಷನ್ ಮಾಡಿಸಿಕೊಂಡವರು ನಮ್ಮ ಬಡಾವಣೆಯಲ್ಲಿ ಒಬ್ಬರೂ ಇಲ್ಲ, ಎಲ್ಲರದೂ “ಒಂದು ಸಣ್ಣ ಆಪರೇಷನ್ನು.”

ಪೂರ್ವಪಕ್ಷಕ್ಕೆ ಬಲವಾದ ದೃಷ್ಟಾಂತ ಉಂಟೆಂದು ಒಪ್ಪಲೇಬೇಕು. 1980ರ ವರ್ಲ್ಡ್ ಸೀರೀಸ್‌ನಲ್ಲಿ ಕ್ಯಾನ್ಸಾಸ್ ಸಿಟಿಯ ಬೇಸ್‌ಬಾಲ್ ಆಟಗಾರ ಜಾರ್ಜ್ ಬ್ರೆಟ್ ಎರಡನೆಯ ಪಂದ್ಯದ ನಡುವೆ ಇದೇ ನೋವಿಗೆ ಹೊರನಡೆದು, ಸಣ್ಣದೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು, ಮೂರನೆಯ ಪಂದ್ಯದಲ್ಲಿ ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್ ಹೊಡೆದ. ಖಂಡನೆ: ಅದು ನಿಂತು ಆಡುವ ಆಟ. ಅಲ್ಲದೆ ಮರುವರ್ಷ ಅವನು ಮತ್ತೆ ಆಪರೇಷನ್ ಮೇಜು ಹತ್ತಬೇಕಾಯಿತು.

ಸಿದ್ಧಾಂತ ಬಂದದ್ದು ಇಟಲಿಯಿಂದ. ಅಂಗರಚನಾಶಾಸ್ತ್ರಜ್ಞ ವಾಲ್ಸಾಲ್ವಾ 1704ರಲ್ಲಿ ಕಿವಿಯನ್ನು ಕುರಿತ ಗ್ರಂಥದಲ್ಲಿ, ಬಾಯಿ ಮೂಗು ಮುಚ್ಚಿ ಉಸಿರನ್ನು ಬಲವಾಗಿ ಒತ್ತುವ ಕ್ರಮ ವಿವರಿಸಿದ. ಕಿವಿಗೆಂದು ಹೇಳಿದ್ದು ಬುಡಕ್ಕೆ ಮುಟ್ಟಿತು. ಉಸಿರು ಬಿಗಿ ಹಿಡಿದು ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಕೆಳಗಿನ ರಕ್ತನಾಳಗಳು ಉಬ್ಬುತ್ತವೆ. ಬಾರ್ಬೆಲ್ ಎತ್ತುವವನೂ, ಬೆಳಗ್ಗೆ ಬಾಗಿಲ ಚಿಲಕ ಹಾಕಿಕೊಂಡು ಕೂತವನೂ ಮಾಡುತ್ತಿರುವುದು ಒಂದೇ ಕೆಲಸ. ಜಗತ್ತು ಅದಕ್ಕೆ ವಾಲ್ಸಾಲ್ವಾನ ಹೆಸರಿಟ್ಟಿದೆ. ಕನ್ನಡಿಗ ತಿಣುಕು ಎನ್ನುತ್ತಾನೆ. ತಿಣುಕದೆ ಮಾಡಿದ್ದು ವ್ಯಾಯಾಮ, ತಿಣುಕಿದರೆ ಆಪರೇಷನ್ನಿನ ದ್ವಿತೀಯ ಮುದ್ರಣ.

ಪ್ರಯೋಗ ಹೀಗೆ ನಡೆಯಿತು. ಆಪರೇಷನ್ನಿನ ಮರುದಿನದಿಂದಲೇ ಹಾಲಿನಿಂದ ಬಾಲ್ಕನಿಗೆ ನಡಿಗೆ. ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ. ರಾತ್ರಿ ಇಸಬ್‌ಗೋಲು, ಅದರ ಬೆನ್ನಿಗೇ ದೊಡ್ಡ ಲೋಟ ನೀರು. “ರೀ, ಇನ್ನೂ ಎಷ್ಟು ಹೊತ್ತು ಟಬ್ಬಲ್ಲಿ? ಅದೇನು ಪಿಎಚ್‌ಡಿ ಮಾಡ್ತಿದೀರಾ?” ಎಂದು ಮನೆಯಾಕೆ ಬಾಗಿಲು ಬಡಿದದ್ದೇ ಈ ಕೃತಿಗೆ ಪ್ರೇರಣೆ. ಎರಡನೆಯ ವಾರ ರಕ್ತ ಕಂಡಾಗ ಪ್ರಬಂಧಕಾರ ಪಾಂಡಿತ್ಯವನ್ನು ಬದಿಗಿಟ್ಟು ಆಟೋ ಹತ್ತಿದ. (ಇಷ್ಟು ತಮಾಷೆಯಲ್ಲ: ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಪ್ರಬಂಧ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.) ನಾಲ್ಕನೆಯ ವಾರ ಲಾಲ್‌ಬಾಗ್. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆನ್ನುತ್ತಾರೆ ಭೂವಿಜ್ಞಾನಿಗಳು. ಅಷ್ಟು ಕಾಲದಲ್ಲಿ ಅದು ಎಳ್ಳಷ್ಟೂ ಮೆತ್ತಗಾಗಿಲ್ಲವೆಂಬುದು ಪ್ರಬಂಧಕಾರನ ಸ್ವಂತ ಸಂಶೋಧನೆ. ಆರು ವಾರ ಕಳೆದ ಮೇಲೆ, ವೈದ್ಯರ ಅಪ್ಪಣೆ ಪಡೆದು, ಐದು ಕೆಜಿ ಡಂಬೆಲ್ಲು. ಎತ್ತುವಾಗ ಬಾಯಿ ಬಿಟ್ಟು ಉಸಿರು ಹೊರಕ್ಕೆ. ಸೈಕಲ್ಲು ಇನ್ನೂ ಮೆಟ್ಟಿಲ ಕೆಳಗೇ ಇದೆ.

ಆಕ್ಷೇಪಣೆಯುಳ್ಳ ವಿದ್ವಾಂಸರು ಬೆಳಗ್ಗೆ ಆರಕ್ಕೆ ಲಾಲ್‌ಬಾಗಿನ ಪಶ್ಚಿಮ ದ್ವಾರಕ್ಕೆ ಬರಬಹುದು. ಚರ್ಚೆ ನಡೆಯುತ್ತಲೇ ನಡೆಯಲಿ. ಗುರುತು ಸಿಗದಿದ್ದರೆ, ಅಪೆಂಡಿಕ್ಸ್ ಆದವರು ಯಾರೆಂದು ಕೇಳಿ.