ಕೈಪಿಡಿ: ತೆರೆದಿರುವ ಟರ್ಮಿನಲ್‌ಗೆ ಹೊಸ ಸುದ್ದಿ ಮುಟ್ಟಿಸುವ ಬಗೆ (ಮೈಸೂರು ಮೈನ್ಸ್ ಆವೃತ್ತಿ)

ಬೇಕಾಗುವ ಸಾಮಗ್ರಿ: ಲ್ಯಾಪ್‌ಟಾಪ್ ಒಂದು. ನಿನ್ನೆಯಿಂದ ಮುಚ್ಚದೆ ಬಿಟ್ಟ ಟರ್ಮಿನಲ್ ಒಂದು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಕೂರಲು ಜಾಗ, ಸಿಕ್ಕರೆ. ಸಿಗದಿದ್ದರೆ ತಾಳ್ಮೆ.

ರೋಗಲಕ್ಷಣ: ನೀವು ಜಾವಾ ಹಾಕಿಕೊಂಡಿದ್ದೀರಿ. ಸಿಸ್ಟಂ ಸೆಟ್ಟಿಂಗ್ಸ್‌ನ ತಳಕ್ಕೆ ಇಳಿದು, ‘ಎನ್ವಿರಾನ್‌ಮೆಂಟ್ ವೇರಿಯಬಲ್ಸ್’ ಎಂಬ ಗುಂಡಿ ಹುಡುಕಿ, ‘ಪಾಥ್’ ಸಾಲಿಗೆ ಜಾವಾ ಇರುವ ಜಾಗ ಸೇರಿಸಿ, ಒಂದರ ಮೇಲೊಂದು ತೆರೆದ ಕಿಟಕಿಗಳಿಗೆಲ್ಲ ‘ಓಕೆ’ ಒತ್ತಿ ಬಂದಿದ್ದೀರಿ. ಆದರೂ ಟರ್ಮಿನಲ್‌ನಲ್ಲಿ ‘ಜಾವಾ’ ಎಂದು ಟೈಪಿಸಿದರೆ, ಅಂಥ ಕಮಾಂಡೇ ಗೊತ್ತಿಲ್ಲ ಎನ್ನುತ್ತದೆ. ಜಾವಾವನ್ನು ಕಿತ್ತು ಮತ್ತೆ ಹಾಕಬೇಡಿ. ಅದು ಸರಿಯಾಗಿಯೇ ಕೂತಿದೆ.

ಕಾರಣ: ಕೆಜಿಎಫ್‌ನ (ಕೋಲಾರ ಚಿನ್ನದ ಗಣಿಗಳ) ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಗಣಿ ನಡೆಯುತ್ತಿದ್ದಾಗ, ಬೆಳಗಿನ ಶಿಫ್ಟಿನವನು ಕೇಜ್ ಹತ್ತಿ ಇಳಿದ ಮೇಲೆ, ಮೇಲಿನ ಕಚೇರಿಯವರು ಹೊಸ ನೋಟಿಸ್ ಅಂಟಿಸಿದರೆ ಅವನಿಗೇನು ತಿಳಿಯುತ್ತಿತ್ತು? ಇಳಿಯುವಾಗ ಕೇಳಿಸಿಕೊಂಡ ಮಾತೇ ಅವನಿಗೆ ಆ ಪಾಳಿಯ ಕಾನೂನಾಗಿತ್ತು. ಕಂಪ್ಯೂಟರಿನಲ್ಲೂ ಹಾಗೆಯೇ. ಒಂದು ಪ್ರೋಗ್ರಾಂ ಇನ್ನೊಂದನ್ನು ಶುರು ಮಾಡುವಾಗ ತನ್ನಲ್ಲಿರುವ ವೇರಿಯಬಲ್‌ಗಳ ನಕಲನ್ನು ಅದರ ಕೈಗೆ ಕೊಟ್ಟು ಕಳಿಸುತ್ತದೆ. ಆಮೇಲೆ ಮೇಲೆ ಏನೇ ತಿದ್ದಿದರೂ ಈ ನಕಲು ಬದಲಾಗುವುದಿಲ್ಲ. ಕೆಳಗೆ ತಿದ್ದಿದ್ದು ಮೇಲಕ್ಕೂ ಹೋಗುವುದಿಲ್ಲ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಈ ಪದ್ಧತಿ ಬಂತು. ವಿಂಡೋಸ್‌ನಲ್ಲೂ ನಡೆಯುವುದು ಇದೇ. ನೀವು ‘ಓಕೆ’ ಒತ್ತಿದಾಗ ವಿಂಡೋಸ್ ಡಂಗುರ ಸಾರುವುದೇನೋ ನಿಜ. ಎಕ್ಸ್‌ಪ್ಲೋರರ್ ಅದನ್ನು ಕೇಳಿ ತನ್ನ ಪಟ್ಟಿ ತಿದ್ದಿಕೊಳ್ಳುತ್ತದೆ. ಕಮಾಂಡ್ ಪ್ರಾಂಪ್ಟ್ ಮಾತ್ರ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಒಂದನೆಯ ವಿಧಾನ, ಸೋಮಾರಿಗಳಿಗೆ: ಟರ್ಮಿನಲ್ ಮುಚ್ಚಿ, ಸ್ಟಾರ್ಟ್ ಮೆನುವಿನಿಂದ ಹೊಸದು ತೆರೆಯಿರಿ. ನನ್ನ ಶಿಫಾರಸು ಇದಕ್ಕೇ. ಆದರೆ ವಿಎಸ್ ಕೋಡ್ ಒಳಗಿನ ಟರ್ಮಿನಲ್ ಆಗಿದ್ದರೆ ಅದೊಂದನ್ನೇ ಮುಚ್ಚಿ ತೆರೆದು ಪ್ರಯೋಜನವಿಲ್ಲ. ಅದನ್ನು ಹೆತ್ತದ್ದು ವಿಎಸ್ ಕೋಡ್. ತಾಯಿಯ ಹತ್ತಿರ ಹಳೆಯ ಪಟ್ಟಿಯೇ ಇರುವಾಗ ಮಗುವಿಗೆ ಹೊಸದು ಎಲ್ಲಿಂದ ಬರಬೇಕು? ವಿಎಸ್ ಕೋಡನ್ನೇ ಪೂರ್ತಿ ಮುಚ್ಚಿ. ಇಡೀ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೂ ಕೆಲಸವಾಗುತ್ತದೆ, ಆದರೆ ಅಷ್ಟರಲ್ಲಿ ವೈಟ್‌ಫೀಲ್ಡ್ ಬಂದಿರುತ್ತದೆ.

ಎರಡನೆಯ ವಿಧಾನ, ಮುಚ್ಚಲು ಮನಸ್ಸಿಲ್ಲದವರಿಗೆ: ಚಾಕೊಲೇಟಿ ಎಂಬ ಪ್ಯಾಕೇಜ್ ಮ್ಯಾನೇಜರ್ ಹಾಕಿಕೊಂಡಿದ್ದರೆ (ಹೆಸರಿಟ್ಟವರನ್ನು ಕೇಳಬೇಕು) ‘ರಿಫ್ರೆಶ್‌ಎನ್ವ್’ ಎಂದು ಟೈಪಿಸಿ. ಅದು ರಿಜಿಸ್ಟ್ರಿಯಿಂದ ಹೊಸ ಬೆಲೆಗಳನ್ನು ಓದಿ ಈ ಸೆಷನ್ನಿಗೇ ತುಂಬುತ್ತದೆ. ಪವರ್‌ಶೆಲ್‌ನಲ್ಲಿ ಇದನ್ನು ಕೈಯಾರೆ ಮಾಡಬಹುದು: ಮಷೀನ್ ಪಾಥ್ ಒಂದು, ಯೂಸರ್ ಪಾಥ್ ಒಂದು, ಎರಡನ್ನೂ ಓದಿ ನಡುವೆ ಅರ್ಧವಿರಾಮ ಹಾಕಿ ಜೋಡಿಸಿ. ಒಂದನ್ನೇ ಓದಿದರೆ ಇನ್ನೊಂದರಲ್ಲಿದ್ದ ಪ್ರೋಗ್ರಾಂಗಳು ಕಾಣೆಯಾಗುತ್ತವೆ.

ಎಚ್ಚರಿಕೆ: ‘ಸೆಟ್‌ಎಕ್ಸ್’ ಎಂಬ ಆಜ್ಞೆಯನ್ನು ನಂಬಬೇಡಿ. ಅದು ಮುಂದೆ ತೆರೆಯುವ ಟರ್ಮಿನಲ್‌ಗಳಿಗಾಗಿ ಬರೆದಿಡುತ್ತದೆ, ನಿಮ್ಮೆದುರಿಗಿರುವುದನ್ನು ಮುಟ್ಟುವುದಿಲ್ಲ. ಪಾಥ್ ಉದ್ದವಿದ್ದರೆ 1024 ಅಕ್ಷರಕ್ಕೆ ಬಾಲ ಕತ್ತರಿಸಿಯೂ ಬಿಡುತ್ತದೆ.

ಲಿನಕ್ಸ್ ಬಳಸುವವರು ಬ್ಯಾಷ್‌ಆರ್‌ಸಿ ಫೈಲು ತಿದ್ದಿದ ಮೇಲೆ ‘ಸೋರ್ಸ್’ ಎಂಬ ಕಮಾಂಡ್ ಕೊಟ್ಟು ಮುಂದೆ ಫೈಲಿನ ಹೆಸರು ಬರೆಯಬೇಕು. ‘ಸೋರ್ಸ್’ ಬದಲು ‘ಬ್ಯಾಷ್’ ಎಂದು ಬರೆದರೆ ಕೆಟ್ಟಿತು: ಹೊಸದೊಂದು ಮರಿ ಶೆಲ್ ಹುಟ್ಟಿ, ಎಲ್ಲವನ್ನೂ ವಿಧೇಯವಾಗಿ ಓದಿಕೊಂಡು, ಅಲ್ಲೇ ಸಾಯುತ್ತದೆ. ನಿಮಗೆ ಮೂರು ಕಾಸಿನ ಲಾಭವಿಲ್ಲ.

ಇಷ್ಟೂ ಸೇರಿಸುವ ಮಾತಾಯಿತು. ಅಳಿಸುವುದೇ ಕಷ್ಟ. ಫೈಲಿನಿಂದ ಒಂದು ಸಾಲು ಕಿತ್ತುಹಾಕಿ ‘ಸೋರ್ಸ್’ ಮಾಡಿದರೂ ಆ ವೇರಿಯಬಲ್ ಸೆಷನ್ನಿನಲ್ಲಿ ಕಲ್ಲಿನಂತೆ ಕೂತಿರುತ್ತದೆ. ಫೈಲು ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ, ‘ಹೋಗು’ ಎಂದೂ ಹೇಳುವುದಿಲ್ಲ. ಹೆಸರು ಹಿಡಿದು ‘ಅನ್‌ಸೆಟ್’ ಎನ್ನಲೇಬೇಕು.

ಇದು ಅರ್ಥವಾಗದವರು ಕೆಜಿಎಫ್‌ನಲ್ಲಿ ಒಂದು ಸುತ್ತು ಬರಲಿ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯವರಿಂದ ಗಣಿ 1956ರಲ್ಲಿ ರಾಜ್ಯಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್‌ಗೆ ಕೈ ಬದಲಾಯಿತು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯವೇ ಕರ್ನಾಟಕವಾಯಿತು. 2001ರ ಫೆಬ್ರುವರಿ 28ಕ್ಕೆ ಗಣಿಯೂ ಮುಚ್ಚಿತು. ಫೈಲಿನಲ್ಲಿ ಇಷ್ಟೆಲ್ಲ ತಿದ್ದುಪಡಿಯಾಗಿದೆ. ಆದರೂ ಅಲ್ಲಿನ ಆಟೋದವರಿಗೆ ‘ಮೈಸೂರು ಮೈನ್ಸ್’ ಎಂದರೆ ಇಂದಿಗೂ ಸೀದಾ ಕರೆದೊಯ್ಯುತ್ತಾರೆ. ‘ಅನ್‌ಸೆಟ್’ ಎಂದು ಯಾರೂ ಹೇಳಿಲ್ಲ. ಹೇಳಲೂಬಾರದು ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಯಾವುದನ್ನೇ ಅಳಿಸುವ ಮೊದಲು, ಅದನ್ನು ಯಾರು ಯಾರು ಓದುತ್ತಿದ್ದಾರೆ ಎಂದು ನೋಡಿಕೊಳ್ಳಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಎಂದೋ ಬಂಗಾರಪೇಟೆಯಾಗಿದೆ. ರೈಲ್ವೆಯ ಕಂಪ್ಯೂಟರಿಗೆ ಆ ಸುದ್ದಿ ಮುಟ್ಟಿಸುವ ವಿಧಾನ ಈ ಕೈಪಿಡಿಯಲ್ಲಿಲ್ಲ. ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ಬಿಡಬ್ಲ್ಯುಟಿ ಎಂದೇ ಹಾಕಿ.