ಸುಣ್ಣವಿಲ್ಲದ ಕವಳ

ಮಲೆನಾಡಿನ ಮಾಸ್ತಿಕಟ್ಟೆಯ ಮಳೆಗಾಲದಲ್ಲಿ ಎಲೆಯಡಿಕೆಯ ಕವಳ ಹಾಕದೆ ಕೂರುವುದು ಕಷ್ಟ. ಮಹಾಸತಿಯನ್ನೇ ಸವೆಸಿ 'ಮಾಸ್ತಿ' ಮಾಡಿದ ನಾಲಿಗೆಗಳ ಸೀಮೆಯಿದು. ಅಡಿಕೆಯನ್ನು ಯಾರೋ 'ಅರೆಕಾ' ಮಾಡಿದರೆಂದು ದೂರುವ ಹಕ್ಕು ಅದಕ್ಕೆ ಅಷ್ಟಾಗಿ ಇಲ್ಲ.

ಮಾಡಿದವರು ಪೋರ್ಚುಗೀಸರು. 1498ರಲ್ಲಿ ವಾಸ್ಕೋ ಡ ಗಾಮ ಕೋಳಿಕ್ಕೋಡಿಗೆ ಬಂದ ಮೇಲೆ ಅವರ ಕಿವಿಗೆ ಬಿದ್ದದ್ದು ಮಲಯಾಳದ 'ಅಡಯ್ಕ'. ಆ ಡಕಾರ ನಾಲಿಗೆ ಮಡಚದೆ ಹೊರಡುವುದಿಲ್ಲ, ಲಿಸ್ಬನ್ನಿನವರು ಮಡಚಲಿಲ್ಲ. ರಕಾರವಾಗಿ ಹಡಗು ಹತ್ತಿದ ಪದ ಮುಂದೆ ಇಂಗ್ಲಿಷಿಗೆ ಇಳಿಯಿತು. ನಿಘಂಟುಗಳಲ್ಲಿ ಕೀರ್ತಿಯೆಲ್ಲ ಮಲಯಾಳಕ್ಕೆ, ಕನ್ನಡದ ಅಡಿಕೆ ಬರೀ ದಾಯಾದಿ.

ಇನ್ನೊಂದು ಹೆಸರು 'ಬೀಟಲ್ ನಟ್'. ಬೀಟಲ್ ಎಂದರೆ ಮಲಯಾಳದ ವೆಟ್ಟಿಲ, ಅಂದರೆ ವೀಳ್ಯದೆಲೆ. ಎಲೆಯ ಹೆಸರು ಕಾಯಿಗೆ! ಬಳ್ಳಿ ಅಡಿಕೆ ಮರಕ್ಕೇ ಹಬ್ಬಿ, ಎರಡೂ ಒಂದೇ ಬಾಯಲ್ಲಿ ಕೆಂಪಾಗುವುದರಿಂದ ಪಾಪ, ಕ್ಷಮಿಸಬಹುದು. ಆದರೆ ಪೇಟೆಯಲ್ಲಿ ಈಗ ಹಾಳೆತಟ್ಟೆಯನ್ನು 'ಅರೆಕಾ ಲೀಫ್ ಪ್ಲೇಟ್' ಎಂದು ಮಾರುತ್ತಾರಲ್ಲ, ಅವರಿಗೆ ಒಮ್ಮೆ ಸೋಗೆಯ ಮೇಲೆ ಸಾರು ಬಡಿಸಬೇಕು.

ಸ್ವೀಡನ್ನಿನ ಲಿನೇಯಸ್ 1753ರ ಪುಸ್ತಕದಲ್ಲಿ ಮರಕ್ಕೆ ಇಟ್ಟ ಶಾಸ್ತ್ರೀಯ ಹೆಸರು 'ಅರೆಕಾ ಕಟೆಚು'. ಕಟೆಚು ಅಂದರೆ ಕಾಚು. ಕವಳದ ಕಾಚು ಬರುವುದು ಖೈರದ ಮರದಿಂದ. ಆದರೂ ಹಂಡೆಯಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಕಂಡವರು ಆತನನ್ನು ಪೂರಾ ತಪ್ಪೆನ್ನಲಾರರು. ವೀಳ್ಯದ ಬಳ್ಳಿಗೂ ಅದೇ ಪುಸ್ತಕದಲ್ಲಿ ನಾಮಕರಣವಾಯಿತು. ಅಡಿಕೆ, ಕಾಚು, ಎಲೆ ಎಲ್ಲ ಬಂತು. ಸುಣ್ಣ ಗಿಡದಲ್ಲಿ ಬಿಡುವುದಿಲ್ಲವಾದ್ದರಿಂದ ಕವಳ ಅಲ್ಲಿಗೇ ನಿಂತಿತು.

ದಲ್ಲಾಳಿಯಿಲ್ಲದೆ ಕನ್ನಡದಿಂದ ನೇರ ಇಂಗ್ಲಿಷಿಗೆ ಹೋದ ಮಾಲೂ ಒಂದಿದೆ. ಜಡಿಮಳೆಯಲ್ಲಿ ಎಳೆಗಾಯಿ ಉದುರಿಸುವ ರೋಗವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಹೊಸ ಹೆಸರು ಹುಡುಕುವ ಉಸಾಬರಿಗೆ ಹೋಗದೆ 'ಕೊಳೆರೋಗ' ಎಂದೇ ಬರೆದರು. ಆ ಪದ ಇಂಗ್ಲಿಷ್ ನಿಘಂಟಿನಲ್ಲೂ ಇದೆ, ಕನ್ನಡದ್ದೆಂಬ ಷರಾ ಸಹಿತ. ಬೆಳೆಯ ಹೆಸರಿನ ಶ್ರೇಯಸ್ಸು ಕೇರಳಕ್ಕೆ, ರೋಗದ್ದು ಕನ್ನಡಕ್ಕೆ. ಹಿಸ್ಸೆ ಎಂದರೆ ಹೀಗಿರಬೇಕು!

ಕೊಟ್ಟ ರೋಗದ ಹೆಸರಿಗೆ ಬದಲಾಗಿ ಯುರೋಪಿನಿಂದ ಬಂದದ್ದು 'ಬೋರ್ಡೋ'. ಅದು ಫ್ರಾನ್ಸಿನ ದ್ರಾಕ್ಷಿತೋಟಗಳ ಊರಿನ ಹೆಸರು. ಮಲೆನಾಡಿನಲ್ಲಿ, ಕೊನೆಗೌಡ ಮರವೇರಿ ಕೊನೆಗೆ ಹೊಡೆಯುವ ಔಷಧಿ. ಬ್ಯಾರಲ್ಲಿನಲ್ಲಿ ಕದಡುವುದು ಇಷ್ಟೇ: ಮೈಲುತುತ್ತ, ನೀರು, ಮತ್ತು ಲಿನೇಯಸನಿಂದ ಬಾಕಿಯಿದ್ದ ಸುಣ್ಣ.